ಊರನ್ನು ಮರೆಸುವ ತಯಾರಿ

ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಸಂದರ್ಶನಕ್ಕೆ ತಯಾರಿ ಎಂದರೆ ಫ್ರೇಮ್‌ವರ್ಕ್ ಬಾಯಿಪಾಠ ಮಾಡುವುದು ಎಂದು ನಮ್ಮ ಮಕ್ಕಳು ನಂಬಿಬಿಟ್ಟಿದ್ದಾರೆ. ಬೆಳ್ತಂಗಡಿ ಬಳಿಯ ಲಾಯಿಲದಲ್ಲಿ ಬಸ್ಸು ಹತ್ತಿ ಉಜಿರೆಗೋ ಮೂಡುಬಿದಿರೆಗೋ ಇಂಜಿನಿಯರಿಂಗ್ ಓದಲು ಹೋಗುವ ಹುಡುಗಿಯೂ, ಬೆಂಗಳೂರಿನ ಪಿಜಿ ಕೋಣೆಯಲ್ಲಿ ಕುಳಿತು ಕೆಲಸ ಬದಲಿಸಲು ಹವಣಿಸುವ ಅವಳ ಅಣ್ಣನೂ ಓದುವುದು ಒಂದೇ ಪಿಡಿಎಫ್, ನೋಡುವುದು ಒಂದೇ ವೀಡಿಯೊ. ಹಣ ಇದ್ದವರು ಸಾವಿರಾರು ರೂಪಾಯಿ ಕೊಟ್ಟು ಕೋರ್ಸ್ ಸೇರುತ್ತಾರೆ, ಇಲ್ಲದವರು ಅದರ ನೋಟ್ಸ್ ಹುಡುಕುತ್ತಾರೆ. ಈ ನಂಬಿಕೆಯನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ. ಅದರಿಂದ ಸಂದರ್ಶನವೂ ದಾಟುವುದಿಲ್ಲ, ಕೆಲಸವೂ ಬರುವುದಿಲ್ಲ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ತಮಗೆ ನಿಜವಾಗಿ ಗೊತ್ತಿರುವುದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕು ಎಂದು ಈ ತಯಾರಿ ಅವರಿಗೆ ಕಲಿಸುತ್ತಿದೆ.

ಈ ಹುದ್ದೆಯವರು ಮಾಡುವುದೇನು ಎಂದು ಊರಿನಲ್ಲಿ ಕೇಳುವವರಿಗೆ ಹೀಗೆ ಹೇಳಬಹುದು. ಕಂಪನಿ ಏನನ್ನು ಕಟ್ಟಬೇಕು, ಯಾರಿಗಾಗಿ ಕಟ್ಟಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು ಎಂದು ತೀರ್ಮಾನಿಸುವುದು ಇವರ ಕೆಲಸ. ಕೋಡ್ ಬರೆಯುವವರು ಬೇರೆ, ಮಾರುವವರು ಬೇರೆ. ಅವರ್ಯಾರೂ ಇವರ ಕೈಕೆಳಗಿನವರಲ್ಲ, ಆದರೂ ಎಲ್ಲರನ್ನೂ ಒಪ್ಪಿಸಬೇಕು. ತೀರ್ಮಾನ ತಪ್ಪಾದರೆ ಉತ್ತರ ಕೊಡಬೇಕಾದವರು ಇವರೇ. ಹಾಗಾಗಿ ಸಂದರ್ಶನದಲ್ಲಿ ಅಳೆಯಬೇಕಾದದ್ದು ಒಂದೇ. ಇನ್ನೊಬ್ಬರ ಕಷ್ಟ ಈತನ ಕಣ್ಣಿಗೆ ಬೀಳುತ್ತದೆಯೇ, ಬಿದ್ದ ಮೇಲೆ ಇದಕ್ಕೆ ಇಷ್ಟು ಖರ್ಚು ಮಾಡಬಹುದು, ಇಷ್ಟನ್ನು ಬಿಟ್ಟುಕೊಡಬೇಕು ಎಂದು ಗಟ್ಟಿಯಾಗಿ ಹೇಳಬಲ್ಲನೇ?

2013ರಲ್ಲಿ ಈ ತಯಾರಿಗೆಂದೇ ಎರಡು ಪುಸ್ತಕಗಳು ಬಂದು ಹೆಸರು ಮಾಡಿದವು. ಗೇಲ್ ಲಾಕ್‌ಮನ್ ಮೆಕ್‌ಡೊವೆಲ್ ಮತ್ತು ಜಾಕಿ ಬವಾರೊ ಬರೆದದ್ದು ಒಂದು, ಲೂಯಿಸ್ ಲಿನ್ ಬರೆದದ್ದು ಇನ್ನೊಂದು. ಲಿನ್ ಅವರ ಪುಸ್ತಕದಿಂದ ‘ಸರ್ಕಲ್ಸ್’ ಎಂಬ ಏಳು ಹೆಜ್ಜೆಯ ವಿಧಾನ ಬಂತು: ಸಂದರ್ಭ ಅರಿಯುವುದು, ಬಳಕೆದಾರರನ್ನು ಗುರುತಿಸುವುದು, ಅವರ ಅಗತ್ಯ ಹೇಳುವುದು, ಅದರಲ್ಲಿ ಮುಖ್ಯವಾದದ್ದನ್ನು ಆರಿಸುವುದು, ಪರಿಹಾರಗಳನ್ನು ಪಟ್ಟಿ ಮಾಡುವುದು, ಲಾಭ ನಷ್ಟ ತೂಗುವುದು, ಕೊನೆಗೆ ಶಿಫಾರಸು. ಹೆಜ್ಜೆಗಳಲ್ಲಿ ದೋಷವಿಲ್ಲ. ಗಾಬರಿಯಲ್ಲಿ ದಾರಿ ತಪ್ಪದಿರಲು ಅವು ನೆರವಾಗುತ್ತವೆ. ಆದರೆ ಎರಡನೆಯ ಹೆಜ್ಜೆಯಲ್ಲಿ ಹೇಳಲು ನಿಮಗೆ ಒಬ್ಬನೂ ಬಳಕೆದಾರ ಗೊತ್ತಿಲ್ಲದಿದ್ದರೆ ಮುಂದಿನ ಐದು ಹೆಜ್ಜೆಯೂ ಪೊಳ್ಳು.

ಆ ಪೊಳ್ಳನ್ನು ಸಂದರ್ಶನ ಮಾಡುವ ಬದಿಯಲ್ಲಿ ಕುಳಿತು ನಾನು ಸಾಕಷ್ಟು ಕೇಳಿದ್ದೇನೆ. ‘ಕಣ್ಣು ಕಾಣದವರಿಗೆ ಅಲಾರಾಂ ಗಡಿಯಾರ ವಿನ್ಯಾಸ ಮಾಡಿ’ ಎನ್ನುವುದು ಈ ಲೋಕದ ಹಳೆಯ ಪ್ರಶ್ನೆ. ಕೂಡಲೇ ಉತ್ತರ ಬರುತ್ತದೆ: ‘ಬಳಕೆದಾರರನ್ನು ಮೂರು ಗುಂಪು ಮಾಡುತ್ತೇನೆ. ವಿದ್ಯಾರ್ಥಿಗಳು, ಉದ್ಯೋಗಸ್ಥರು, ಹಿರಿಯರು.’ ಗಡಿಯಾರಕ್ಕೂ ಇದೇ ಮೂರು ಗುಂಪು, ಲಿಫ್ಟಿಗೂ ಇದೇ, ಸಂಗೀತದ ಆ್ಯಪಿಗೂ ಇದೇ. ‘ಕಣ್ಣು ಕಾಣದ ಯಾರಾದರೂ ನಿಮಗೆ ಪರಿಚಯವೇ? ಅವರು ಈಗ ಬೆಳಿಗ್ಗೆ ಹೇಗೆ ಏಳುತ್ತಾರೆ?’ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಫೋನಿನ ಸ್ಕ್ರೀನ್ ರೀಡರ್ ಬಳಸಿ ಎಲ್ಲರಂತೆ ಅಲಾರಾಂ ಇಟ್ಟುಕೊಳ್ಳುತ್ತಾರೆ ಎಂಬ ಸಂಗತಿಯೇ ಅಭ್ಯರ್ಥಿಯ ತಲೆಗೆ ಬಂದಿರುವುದಿಲ್ಲ. ಕೇಳಿಸಿಕೊಂಡ ಹೆಜ್ಜೆಗಳನ್ನೇ ಆತ ಒಪ್ಪಿಸುತ್ತಿದ್ದ. ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಕಲಿತದ್ದು ಅದನ್ನೇ. ಆ ಶ್ರಮ ನೋಡಿದಾಗ ನನಗೆ ಸಿಟ್ಟು ಬರುವುದು ಅವನ ಮೇಲಲ್ಲ, ಅದನ್ನು ಮಾರಿದವರ ಮೇಲೆ.

ಈಗಂತೂ ಆ ಸರಕಿಗೆ ಬೆಲೆಯೇ ಉಳಿದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಏಳು ಹೆಜ್ಜೆಯ ಅಚ್ಚುಕಟ್ಟಾದ ಉತ್ತರ ಎಲ್ಲರ ಕೈಯಲ್ಲೂ ಇದೆ. ಯಂತ್ರಕ್ಕೆ ಕೊಡಲಾಗದ್ದು ಒಂದೇ: ನೀವು ಕಣ್ಣಾರೆ ಕಂಡದ್ದು.

ಲಾಯಿಲದ ಮಕ್ಕಳು ಏನು ಕಂಡಿದ್ದಾರೆ ಎಂದು ಹೇಳುತ್ತೇನೆ. ಬೆಳ್ತಂಗಡಿ ಪೇಟೆಗೆ ತಾಗಿಕೊಂಡ ಊರು. ಮಂಗಳೂರಿನಿಂದ ಚಾರ್ಮಾಡಿ ಘಾಟಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಊರಿನ ನಡುವೆ ಹಾಯುತ್ತದೆ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಅಡಿಕೆ ತೋಟ. ಅಡಿಕೆ ಮರ ಹತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಮದ್ದು ಬಿಡುವ ಹೊತ್ತಿಗೆ ಜನ ಸಿಗದೆ, ಮಳೆ ಹಿಡಿದು, ಕೊಳೆರೋಗಕ್ಕೆ ಗೊನೆಗೊನೆಯೇ ಉದುರಿದ್ದನ್ನು ಎಲ್ಲ ಮನೆಯವರೂ ನೋಡಿದ್ದಾರೆ. ಆಗ ಬಂದದ್ದು ದೋಟಿ. ಮೊದಲು ಅಲ್ಯೂಮಿನಿಯಂ, ಆಮೇಲೆ ಕಾರ್ಬನ್ ಫೈಬರ್. ಒಂದರೊಳಗೊಂದು ಕೂರುವ ಕೊಳವೆಗಳನ್ನು ಎಳೆದು 60 ಅಡಿಗೂ ಮೇಲೆ ಉದ್ದ ಮಾಡಿ, ತುದಿಗೆ ಕತ್ತಿ ಕಟ್ಟಿದರೆ ಕೊಯ್ಲು, ಪೈಪು ಮತ್ತು ನಾಜಲ್ ಕಟ್ಟಿದರೆ ಮದ್ದು. ಮರ ಹತ್ತುವ ಹಂಗಿಲ್ಲ.

ಈ ಒಂದು ದೋಟಿಯೊಳಗೆ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಪೂರ್ತಿ ಇದೆ. ಹತ್ತಾರು ಸಾವಿರ ಕೊಟ್ಟು ಕೊಳ್ಳುವವರು ತೋಟದ ಯಜಮಾನರು, ದಿನವಿಡೀ ಎತ್ತಿ ಹಿಡಿಯುವವನು ಕೂಲಿಗೆ ಬಂದವನು. ಯಜಮಾನರು ಅಂಗಡಿಯಲ್ಲಿ ಬೆಲೆಯನ್ನೂ ಉದ್ದವನ್ನೂ ನೋಡುತ್ತಾರೆ. ಹಿಡಿಯುವವನಿಗೆ ಮುಖ್ಯವಾದದ್ದು ತೂಕ, ಗಾಳಿಗೆ ತುದಿ ಎಷ್ಟು ತೂಗಾಡುತ್ತದೆ ಎಂಬುದು, ಸಂಜೆ ಹೊತ್ತಿಗೆ ಕುತ್ತಿಗೆ ಎಷ್ಟು ನೋಯುತ್ತದೆ ಎಂಬುದು. ಮೇಲೆ ನೋಡುತ್ತ ನಿಂತವನಿಗೆ ಕೆಳಗಿನ ನೆಲ ಕಾಣುವುದಿಲ್ಲ, ಜಾರುವ ಕಣಿಯ ಬದಿಯಲ್ಲಿ ಕಾಲಿಡುವುದು ಅಂದಾಜಿನ ಮೇಲೆ. ಗೊನೆ ಮೇಲಿನಿಂದ ಬಿದ್ದರೆ ಅಡಿಕೆ ಚೆಲ್ಲಾಪಿಲ್ಲಿ, ಹೆಕ್ಕುವುದಕ್ಕೆ ಮತ್ತೆ ಆಳು. ಹಾಗಾಗಿ ಬಲೆ ಹಿಡಿಯುವ ಎರಡನೆಯವನು ಬೇಕು. ಉಳಿಯಿತು ಎಂದುಕೊಂಡ ಕೂಲಿ ಅಲ್ಲಿ ವಾಪಸು ಹೋಯಿತು. ಎಲ್ಲಕ್ಕಿಂತ ಗಂಭೀರವಾದದ್ದು ಕರೆಂಟು. ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ದೋಟಿ ತಾಗಿದರೆ ಹಿಡಿದವನ ಜೀವಕ್ಕೇ ಅಪಾಯ.

ಇದನ್ನು ಅಂಗಳದಿಂದ ನೋಡುತ್ತ ಬೆಳೆದ ಹುಡುಗಿಗೆ ಕೊಳ್ಳುವವರೂ ಬಳಸುವವರೂ ಬೇರೆಯಾದಾಗ ಏನಾಗುತ್ತದೆ ಎಂದು ಗೊತ್ತು. ಒಂದು ಕಷ್ಟ ನೀಗಿದಾಗ ಇನ್ನೊಂದು ಎಲ್ಲಿ ಹುಟ್ಟುತ್ತದೆ ಎಂದೂ ಗೊತ್ತು. ಕಂಪನಿಗಳು ಬಳಸುವ ಸಾಫ್ಟ್‌ವೇರಿನಲ್ಲಿ ಇದೇ ಸಮಸ್ಯೆ ನಿತ್ಯವೂ ಎದುರಾಗುತ್ತದೆ: ಹಣ ಕೊಡುವವರು ಮೇಲಿನವರು, ಒದ್ದಾಡುವವರು ಕೆಳಗಿನ ಮೇಜಿನವರು. ಆದರೆ ‘ನಿಮಗೆ ಇಷ್ಟವಾದ ಪ್ರಾಡಕ್ಟ್ ಯಾವುದು, ಅದನ್ನು ಹೇಗೆ ಸುಧಾರಿಸುತ್ತೀರಿ?’ ಎಂದು ಕೇಳಿದರೆ ಆ ಹುಡುಗಿ ದೋಟಿ ಎನ್ನುವುದಿಲ್ಲ. ಸ್ಪಾಟಿಫೈ ಎನ್ನುತ್ತಾಳೆ. ಕೋರ್ಸಿನಲ್ಲಿ ಸ್ಪಾಟಿಫೈ ಇತ್ತು. ದೋಟಿ ಹೇಳಿದರೆ ನಕ್ಕಾರು ಎಂಬ ಅಳುಕೂ ಇದೆ. ಆ ಅಳುಕು ಹುಟ್ಟಿನಿಂದ ಬಂದದ್ದಲ್ಲ, ತಯಾರಿಯ ಜೊತೆಗೆ ಬಂದದ್ದು.

ಅಂದಾಜು ಲೆಕ್ಕದ ಪ್ರಶ್ನೆಗಳದೂ ಇದೇ ಕಥೆ. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತದೆ, ಮ್ಯಾನ್‌ಹಟನ್‌ನಲ್ಲಿ ಎಷ್ಟು ಪೆಟ್ರೋಲ್ ಬಂಕ್ ಇವೆ ಎಂಬಂಥ ಪ್ರಶ್ನೆಗಳು ಶುದ್ಧ ಸಮಯ ಹಾಳು, ಅವುಗಳಿಂದ ಯಾರ ಕೆಲಸದ ಗುಣವೂ ತಿಳಿಯುವುದಿಲ್ಲ ಎಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲೇ ಬಹಿರಂಗವಾಗಿ ಹೇಳಿದರು. ಆದರೂ ಬೆಂಗಳೂರಿನಲ್ಲಿ ಎಷ್ಟು ಬಂಕ್ ಎಂದು ಇಂದಿಗೂ ಹುಡುಗರು ಉರು ಹೊಡೆಯುತ್ತಾರೆ. ಲೆಕ್ಕ ಕಲಿಯಲೇಬೇಕೆಂದರೆ ಒಂದು ಮಳೆಗಾಲಕ್ಕೆ ಬೆಳ್ತಂಗಡಿ ತಾಲೂಕಿನಲ್ಲಿ ಎಷ್ಟು ಮೈಲುತುತ್ತು ಬೇಕು ಎಂದು ಲೆಕ್ಕ ಹಾಕಲಿ. ಕೊಳೆರೋಗಕ್ಕೆ ಬಿಡುವ ಮದ್ದಾದ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ತುತ್ತು, 1 ಕಿಲೊ ಸುಣ್ಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 540ರ ಆಸುಪಾಸು ಮರ. ಮಳೆಗೆ ಮೊದಲು ಒಂದು ಸಲ, ಸುಮಾರು 40 ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದೂ. ಒಂದು ಬ್ಯಾರೆಲ್ ಎಷ್ಟು ಮರಕ್ಕೆ ಬರುತ್ತದೆ ಎಂಬಲ್ಲಿ ನಿಜವಾದ ವಾದ ಶುರುವಾಗುತ್ತದೆ. ಮರ ಹತ್ತಿ ಬಿಟ್ಟರೆ ಒಂದು ಲೆಕ್ಕ, ಕೆಳಗಿನಿಂದ ದೋಟಿಯಲ್ಲಿ ಬಿಟ್ಟರೆ ಇನ್ನೊಂದು. ಯಾವ ಊಹೆ ಸಡಿಲವಾಗಿದೆ, ಅದನ್ನು ಯಾರಲ್ಲಿ ವಿಚಾರಿಸಿ ಬಿಗಿ ಮಾಡಬೇಕು ಎಂದು ಹೇಳಬಲ್ಲವಳಿಗೆ ಅಂದಾಜು ಬಂದಿದೆ. ಪೆಟ್ರೋಲ್ ಬಂಕಿನ ಉತ್ತರ ಕಲಿತವನಿಗೆ ಬಂದಿರುವುದು ಒಂದು ಸಂಖ್ಯೆ ಮಾತ್ರ.

ಮೆಟ್ರಿಕ್ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಏನನ್ನು ಅಳೆದು ನಾವು ಗೆದ್ದೆವು ಎನ್ನುತ್ತೇವೆ? ಇದಕ್ಕೆ ನಮ್ಮಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಗಿಂತ ಒಳ್ಳೆಯ ಪಾಠ ಇಲ್ಲ. ಅಡಿಕೆ, ಕಾಳುಮೆಣಸಿಗೆ ರೈತ ವಿಮಾ ಮೊತ್ತದ ಶೇ. 5ರಷ್ಟು ಕಂತು ಕಟ್ಟುತ್ತಾನೆ. ಪರಿಹಾರ ನಿರ್ಧಾರವಾಗುವುದು ಅವನ ತೋಟದಲ್ಲಿ ಉದುರಿದ ಅಡಿಕೆ ನೋಡಿ ಅಲ್ಲ, ಗ್ರಾಮ ಪಂಚಾಯತ್ ಮಟ್ಟದ ಮಳೆಮಾಪಕದಲ್ಲಿ ದಾಖಲಾದ ಮಳೆ ನೋಡಿ. ಹಾಗೆ ಮಾಡಿದ್ದಕ್ಕೆ ಬಲವಾದ ಕಾರಣವಿದೆ. ಒಂದೊಂದು ತೋಟಕ್ಕೂ ಹೋಗಿ ನಷ್ಟ ಅಳೆಯುವುದಕ್ಕೆ ಹಣವೂ ಸಾಲದು, ಸಮಯವೂ ಸಾಲದು, ಜಗಳವೂ ಮುಗಿಯದು. ಮಳೆಮಾಪಕ ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಘಟ್ಟದ ಬುಡದ ನಮ್ಮ ಊರುಗಳಲ್ಲಿ ಒಂದು ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯುವುದಿಲ್ಲ. ಕೊಳೆ ಬಂದವನಿಗೆ ದುಡ್ಡು ಬಾರದೆಯೂ ಇರಬಹುದು, ಬಾರದವನಿಗೆ ಬಂದೂ ಬರಬಹುದು. ಅಳೆಯಲು ಸುಲಭವಾದದ್ದಕ್ಕೂ ಅಳೆಯಬೇಕಾದದ್ದಕ್ಕೂ ನಡುವಿನ ಈ ಅಂತರವನ್ನು ಹೇಗೆ ತಗ್ಗಿಸುತ್ತೀರಿ, ಎಷ್ಟು ಖರ್ಚಿನಲ್ಲಿ? ದಿನಕ್ಕೆ ಎಷ್ಟು ಜನ ಆ್ಯಪ್ ತೆರೆದರು ಎಂಬ ಸಂಖ್ಯೆಯನ್ನೇ ಹಿಡಿದು ಕೂತ ಕಂಪನಿಗಳಿಗೆ ಬೇಕಾದ ಪ್ರಶ್ನೆಯೂ ಇದೇ. ಮಹಜರು, ಅರ್ಜಿ, ವಿಮೆ ಹಣ ಖಾತೆಗೆ ಬಂತೇ ಎಂಬ ಮಾತು ನಡೆಯುವ ಮನೆಯಲ್ಲಿ ಬೆಳೆದವನು ಇದರ ಬಗ್ಗೆ ಅರ್ಧ ಗಂಟೆ ತೂಕವಾಗಿ ಮಾತಾಡಬಲ್ಲ. ಯಾರೂ ಅವನನ್ನು ಕೇಳಿಲ್ಲ, ಕೇಳಿದರೆ ಹೇಳಬಹುದು ಎಂದೂ ಯಾರೂ ಅವನಿಗೆ ತಿಳಿಸಿಲ್ಲ.

‘ಪ್ರಾಡಕ್ಟ್ ಎಂಬುದೇ ಅಮೆರಿಕದಿಂದ ಬಂದ ವಿದ್ಯೆ, ಅಲ್ಲಿನ ಉದಾಹರಣೆಯಲ್ಲೇ ಕಲಿಯಬೇಕು’ ಎನ್ನುವವರಿದ್ದಾರೆ. ಈ ಹುದ್ದೆಯ ಚರಿತ್ರೆ ಹೇಳುವವರು 1931ರಿಂದ ಶುರು ಮಾಡುತ್ತಾರೆ. ಆ ವರ್ಷ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್‌ರಾಯ್ ಒಂದು ಟಿಪ್ಪಣಿ ಬರೆದು, ಒಂದೊಂದು ಸಾಬೂನಿನ ಪೂರ್ಣ ಹೊಣೆಗೆ ಒಬ್ಬೊಬ್ಬರು ಬೇಕು ಎಂದು ಕೇಳಿದರು. ಅದಕ್ಕೆ ಮೂರು ವರ್ಷ ಮೊದಲೇ, 1928ರಲ್ಲಿ, ನಮ್ಮ ಪಕ್ಕದ ಉಡುಪಿಯಲ್ಲಿ ಪಿಗ್ಮಿ ಠೇವಣಿ ಹುಟ್ಟಿತ್ತು. ಅದನ್ನು ತಂದದ್ದು ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಬರೀ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. ಕೈಮಗ್ಗದವರು ಕಂಗೆಟ್ಟಿದ್ದ ಕಾಲ. ಉಳಿತಾಯ ಮಾಡಿ ಎಂದು ಅವರಿಗೆ ಉಪದೇಶ ಕೊಡುವುದು ಸುಲಭವಿತ್ತು. ಇವರು ಗಮನಿಸಿದ್ದು ಬೇರೆ. ದಿನಗೂಲಿಯವನ ಕೈಗೆ ದುಡ್ಡು ಬರುವುದು ದಿನಾ ಸಂಜೆ, ಕರಗುವುದೂ ಅದೇ ಸಂಜೆ. ಬ್ಯಾಂಕಿನ ಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತದೆ. ತೆರೆದಿದ್ದರೂ ಎರಡಾಣೆ ಹಿಡಿದು ಒಳಗೆ ಹೋಗಲು ಅವನಿಗೆ ಸಂಕೋಚ. ಆದ್ದರಿಂದ ಬ್ಯಾಂಕೇ ಅವನ ಬಾಗಿಲಿಗೆ ಹೋಗಲಿ, ದಿನಾ ಹೋಗಲಿ, ಎರಡಾಣೆಯನ್ನೂ ತೆಗೆದುಕೊಳ್ಳಲಿ ಎಂದು ತೀರ್ಮಾನವಾಯಿತು.

ಈ ತೀರ್ಮಾನದಲ್ಲಿ ಖರ್ಚೂ ಇತ್ತು. ಎರಡಾಣೆ ತರಲು ಒಬ್ಬ ಮನುಷ್ಯ ಮನೆ ಮನೆ ನಡೆಯಬೇಕು. ಅವನಿಗೆ ಸಂಬಳವಲ್ಲ, ಕಮಿಷನ್. ಯೋಜನೆಯ ಯಶಸ್ಸಿನ ಭಾರದಲ್ಲಿ ಒಂದು ಪಾಲು ಆ ಸಂಗ್ರಾಹಕರ ಹೆಗಲ ಮೇಲೆ ಕೂತಿತು. ದಶಕಗಳ ಜಗಳದ ಬಳಿಕ 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದು ಒಪ್ಪಿಕೊಂಡಿತು. ಇಂದು ಮನೆಬಾಗಿಲಿಗೆ ಊಟ ತರುವ, ಪಾರ್ಸೆಲ್ ತರುವ ಹುಡುಗರ ವಿಷಯದಲ್ಲಿ ಕಂಪನಿಗಳ ಮುಂದಿರುವ ಪ್ರಶ್ನೆಯೂ ಇದುವೇ. ಸಂದರ್ಶನದಲ್ಲಿ ‘ಟ್ರೇಡ್ ಆಫ್’ ಎಂದು ಕೇಳಿದಾಗ ನಮ್ಮ ಮಕ್ಕಳು ‘ವೇಗ ಮತ್ತು ಗುಣಮಟ್ಟ’ ಎಂದು ಎರಡು ಪದ ಹೇಳಿ ಮುಗಿಸುತ್ತಾರೆ. ಬೇಕಿದ್ದದ್ದು ಇದು: ಈ ಅನುಕೂಲಕ್ಕೆ ಯಾರು ಬೆಲೆ ತೆರುತ್ತಿದ್ದಾರೆ? ಪಿಗ್ಮಿ ಕಲೆಕ್ಷನ್ನಿಗೆ ಬರುವವರು ಬೆಳ್ತಂಗಡಿಯ ಅಂಗಡಿಗಳಿಗೆ ಇಂದಿಗೂ ಬರುತ್ತಾರೆ, ಈಗ ಕೈಯಲ್ಲಿ ಪುಟ್ಟ ಯಂತ್ರ ಇರುತ್ತದೆ. ಯುಪಿಐ ಇದ್ದೂ ಅವರು ಯಾಕೆ ಉಳಿದಿದ್ದಾರೆ ಎಂದು ಒಂದು ಸಂಜೆ ಅವರ ಜೊತೆ ನಡೆದು ತಿಳಿದುಕೊಂಡವನು ಹಣಕಾಸು ಆ್ಯಪಿನ ಯಾವ ಸಂದರ್ಶನಕ್ಕೂ ಹೆದರಬೇಕಾಗಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ‘ಸಂದರ್ಶನದ ರೂಪವನ್ನು ನಿರ್ಧರಿಸಿದ್ದು ಕಂಪನಿ. ಮೆಟಾದಲ್ಲಿ ಪ್ರಾಡಕ್ಟ್ ಸೆನ್ಸ್ ಎಂಬ ಸುತ್ತೇ ಇದೆ, ಅಮೆಜಾನ್‌ನಲ್ಲಿ ಅವರ ನಾಯಕತ್ವ ತತ್ತ್ವಗಳಿಗೆ ಹೊಂದಿಸಿ ಕಥೆ ಹೇಳಬೇಕು. ರೂಪ ಕಲಿಯದೆ ಹೋದರೆ ಸೋಲುತ್ತಾರೆ.’ ಹೌದು, ರೂಪ ಕಲಿಯಬೇಕು. ಅದಕ್ಕೆ ಒಂದು ವಾರ ಧಾರಾಳ ಸಾಕು. ಗಡಿಯಾರ ಇಟ್ಟುಕೊಂಡು ಸ್ನೇಹಿತರ ಜೊತೆ ಮಾಕ್ ಇಂಟರ್‌ವ್ಯೂ ಮಾಡುವುದೂ ಒಳ್ಳೆಯದೇ. ನನ್ನ ಜಗಳ ಉಳಿದ ತಿಂಗಳುಗಳ ಬಗ್ಗೆ. ಒಬ್ಬ ಅಭ್ಯರ್ಥಿ ಇನ್ನೊಬ್ಬ ಅಭ್ಯರ್ಥಿಯನ್ನು ಸಂದರ್ಶಿಸುತ್ತ ಹೋದರೆ ಇಬ್ಬರಿಗೂ ಗೊತ್ತಿರುವುದು ಒಂದೇ ಪಿಡಿಎಫ್. ಅಮೆಜಾನ್ ಕೇಳುವುದೂ ನೀವು ಮಾಡಿದ ಕೆಲಸದ ಕಥೆಯನ್ನೇ. ಮಾಡಿರದ ಕೆಲಸಕ್ಕೆ ಯಾವ ಅಚ್ಚು ಹಾಕಿದರೂ ಕಥೆ ಹುಟ್ಟದು.

ಇಂಗ್ಲಿಷಿನ ಮಾತು ಇದಕ್ಕಿಂತ ನೋವಿನದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ ಕಿವಿಗೆ ಬಿದ್ದು ಬೆಳೆದವರು ಸಂದರ್ಶನದಲ್ಲಿ ಇಂಗ್ಲಿಷಿಗೆ ತಡವರಿಸುತ್ತಾರೆ. ಕೋಚಿಂಗ್‌ನವರು ಇದನ್ನು ಬಂಡವಾಳ ಮಾಡಿಕೊಂಡು ಒಂದಿಷ್ಟು ದೊಡ್ಡ ಪದ ಕಲಿಸುತ್ತಾರೆ. ಆ ಪದಗಳು ವಿಷಯ ಗೊತ್ತಿಲ್ಲದಿರುವುದನ್ನು ಮುಚ್ಚಲು ಹುಟ್ಟಿಕೊಂಡವು. ಇಂಗ್ಲಿಷ್ ಕಲಿಯಲೇಬೇಕು, ಕೆಲಸಕ್ಕೆ ಅದು ಬೇಕು. ಆದರೆ ಕಲಿಯುವ ಕ್ರಮ ಬೇರೆ. ದೋಟಿಯ ವಿಷಯವನ್ನು ಮೊದಲು ಮನೆಯಲ್ಲಿ ತುಳುವಿನಲ್ಲೇ ಹೇಳಿ, ‘ಹಾಗಲ್ಲ ಮಗಾ’ ಎಂದು ತಿದ್ದುವ ಮಾವನ ಎದುರು ವಾದ ಮಾಡಿ, ಆಮೇಲೆ ಸರಳ ಇಂಗ್ಲಿಷಿನಲ್ಲಿ ಹೇಳಲಿ. ಗೊತ್ತಿರುವ ವಿಷಯಕ್ಕೆ ಸಣ್ಣ ವಾಕ್ಯಗಳೇ ಸಾಕಾಗುತ್ತವೆ.

ಇನ್ನೊಂದು ಸತ್ಯವನ್ನು ಕೋಚಿಂಗ್‌ನವರು ಹೇಳುವುದೇ ಇಲ್ಲ. ಕಾಲೇಜು ಮುಗಿಸಿದ ಕೂಡಲೇ ಸಿಗುವ ಪ್ರಾಡಕ್ಟ್ ಮ್ಯಾನೇಜರ್ ಕುರ್ಚಿಗಳು ತೀರಾ ಕಡಿಮೆ. ಗೂಗಲ್ 2002ರಲ್ಲಿ ಶುರು ಮಾಡಿದ ಸಹಾಯಕ ಪ್ರಾಡಕ್ಟ್ ಮ್ಯಾನೇಜರ್ ಕಾರ್ಯಕ್ರಮದಂಥವು ಕೆಲವೇ ಇವೆ, ಅವುಗಳ ಕಣ್ಣು ಹೆಚ್ಚಾಗಿ ಹೆಸರಾಂತ ಕೆಲವು ಕ್ಯಾಂಪಸ್‌ಗಳ ಮೇಲೆ. ಉಳಿದವರು ಈ ಹುದ್ದೆಗೆ ಬರುವುದು ಬಳಸುದಾರಿಯಲ್ಲಿ: ಟೆಸ್ಟಿಂಗ್‌ನಿಂದ, ಗ್ರಾಹಕ ಸಪೋರ್ಟ್‌ನಿಂದ, ಡೇಟಾ ವಿಶ್ಲೇಷಣೆಯಿಂದ, ಕೋಡಿಂಗ್‌ನಿಂದ. ಈ ದಾರಿಯನ್ನು ಕೀಳೆಂದು ನೋಡುವುದು ಶುದ್ಧ ತಪ್ಪು. ಸಪೋರ್ಟ್‌ನಲ್ಲಿ ಒಂದು ವರ್ಷ ಗ್ರಾಹಕರ ಫೋನ್ ಎತ್ತಿದವನಿಗೆ ಆ ಕಂಪನಿಯ ಪ್ರಾಡಕ್ಟ್ ಎಲ್ಲಿ ಚುಚ್ಚುತ್ತದೆ ಎಂದು ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಉಡುಪಿಯಲ್ಲಿ ರೋಬೋಸಾಫ್ಟ್ 1996ರಲ್ಲೇ ಶುರುವಾಗಿ ಜಗತ್ತಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದೆ. ಇಂಥ ಕಂಪನಿಯಲ್ಲಿ ಕೆಲಸ ಕಲಿಯುವುದು ಬೆಂಗಳೂರಿನಲ್ಲಿ ಕೋರ್ಸ್ ಮಾಡಿಕೊಂಡು ಕಾಯುವುದಕ್ಕಿಂತ ಎಷ್ಟೋ ಮೇಲು.

ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳಿಗೆ ನಾನು ಹೇಳುವುದಿಷ್ಟು. ಲಾಯಿಲದಿಂದ ಸ್ವಲ್ಪವೇ ದೂರದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಶುರು ಮಾಡಿದ್ದು. ಅದೇ ಮಾದರಿಯಲ್ಲಿ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳು ಎದ್ದವು. ಹೊಲಿಗೆಯೋ ಮೊಬೈಲ್ ರಿಪೇರಿಯೋ ಕಲಿಯಲು ಬಂದ ಹುಡುಗನನ್ನು ಅಲ್ಲಿ ಮಾರುಕಟ್ಟೆ ಸಮೀಕ್ಷೆಗೆ ಕಳಿಸುತ್ತಾರೆ: ನಿನ್ನ ಅಂಗಡಿಗೆ ಯಾರು ಬರುತ್ತಾರೆ, ಈಗ ಅವರು ಎಲ್ಲಿಗೆ ಹೋಗುತ್ತಾರೆ, ಎಷ್ಟು ಕೊಡುತ್ತಾರೆ, ಹೋಗಿ ಕೇಳಿ ಬಾ. ತರಬೇತಿ ಮುಗಿದ ಮೇಲೂ ಎರಡು ವರ್ಷ ಅವನ ಬೆನ್ನಿಗೆ ನಿಲ್ಲುತ್ತಾರೆ. ಹತ್ತನೇ ತರಗತಿ ಓದಿದವನಿಗೆ ಸಿಗುವ ಈ ಶಿಕ್ಷಣ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವಳಿಗೆ ಸಿಗುತ್ತಿಲ್ಲ. ಅವಳಿಗೆ ಸಿಗುವುದು ಕೊನೆಯ ವರ್ಷದ ಎರಡು ದಿನದ ಫ್ರೇಮ್‌ವರ್ಕ್ ಕಾರ್ಯಾಗಾರ. ಅದನ್ನು ನಿಲ್ಲಿಸಿ, ಮೂರನೆಯ ವರ್ಷದಲ್ಲೇ ಅವಳನ್ನು ಹಾಲಿನ ಸೊಸೈಟಿಗೆ, ಅಡಿಕೆ ಖರೀದಿ ಕೇಂದ್ರಕ್ಕೆ, ಪಿಗ್ಮಿ ಸಂಗ್ರಾಹಕರ ಜೊತೆಗೆ ಕಳಿಸಿ. ಅಲ್ಲಿ ಒಂದು ಕಷ್ಟವನ್ನು ಆರಿಸಿಕೊಂಡು ಸಣ್ಣದೊಂದು ಪರಿಹಾರ ಕಟ್ಟಲಿ, ವಾಟ್ಸ್ಆ್ಯಪ್ ಗುಂಪಾದರೂ ಸರಿ, ಒಂದು ಹಾಳೆಯ ಪಟ್ಟಿಯಾದರೂ ಸರಿ. ಹತ್ತು ಜನ ಅದನ್ನು ಬಳಸುವುದನ್ನು ನೋಡಲಿ. ಬಳಸದೆ ಬಿಟ್ಟವರ ಮನೆಗೆ ಹೋಗಿ ಯಾಕೆ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಲಿ. ರೆಸ್ಯೂಮೆಯಲ್ಲಿ ಅದು ಮೊದಲ ಸಾಲಾಗಿ ಇರಲಿ.

ಬೆಂಗಳೂರಿನಲ್ಲಿ ಸಂದರ್ಶನ ಮಾಡುವ ನನ್ನ ಜೊತೆಯವರಿಗೂ ಒಂದು ಮಾತು. ನೀವು ಕೇಳುವ ಪ್ರಶ್ನೆಯೇ ಈ ಮಾರುಕಟ್ಟೆಯನ್ನು ಸಾಕುತ್ತಿದೆ. ಅಲಾರಾಂ ಗಡಿಯಾರ, ಪೆಟ್ರೋಲ್ ಬಂಕ್ ಬಿಟ್ಟುಬಿಡಿ. ‘ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಕೆಲಸ ಹೇಳಿ, ಅದರಲ್ಲಿ ಎಲ್ಲಿ ಅಡಚಣೆ ಇದೆ?’ ಎಂದು ಕೇಳಿ. ಎದುರಿನ ಹುಡುಗಿ ದೋಟಿ ಎಂದರೆ, ನಿಮಗೆ ಅದು ಏನೆಂದು ತಿಳಿಯದಿದ್ದರೂ ಸ್ಪಾಟಿಫೈಗೆ ಹೊರಳಿಸಬೇಡಿ. ಅದರ ತೂಕ ಎಷ್ಟು, ಕೊಳ್ಳುವವರು ಯಾರು, ಹಿಡಿಯುವವರು ಯಾರು, ತಂತಿಗೆ ತಾಗದಂತೆ ಏನು ಮಾಡುತ್ತೀರಿ, ಅದಕ್ಕೆ ಬೆಲೆ ಎಷ್ಟು ಏರುತ್ತದೆ, ಏರಿದರೆ ಯಾರು ಕೊಳ್ಳುವುದಿಲ್ಲ ಎಂದು ಒಂದೊಂದಾಗಿ ಕೇಳುತ್ತ ಹೋಗಿ. ಮುಕ್ಕಾಲು ಗಂಟೆ ಸಾಲುವುದಿಲ್ಲ.